ಕಲ್ಲಿನ ಮೇಲೆ ಬಿಟ್ಟ ಜಾಗ

“ಓದಿದ್ದು ತಲೆಯಲ್ಲಿ ನಿಲ್ಲದವನು ಸತ್ಯವೇದವನ್ನು ಯಾಕೆ ಓದಬೇಕು, ಅಯ್ಯನವರೇ?” ಎಂದು ಎಲೀಷ ಕೇಳಿದ.

ಅವನು ಚರ್ಚಿನಲ್ಲಿ ಉಪದೇಶಿಯಾಗಲು ಕಲಿಯುತ್ತಿದ್ದ. ಸಭೆಯ ಹಿರಿಯರ ಮುಂದೆ ನಿಂತು ಬೈಬಲಿನ ಐವತ್ತು ವಾಕ್ಯಗಳನ್ನು ಅಧ್ಯಾಯದ ಸಂಖ್ಯೆಯೊಡನೆ ಒಪ್ಪಿಸಿದರೆ ಮಾತ್ರ ಆ ಕೆಲಸ. ಎರಡು ಸಲ ಪ್ರಯತ್ನಿಸಿದ್ದ. ಮೊದಲ ಸಲ ಒಂಬತ್ತಕ್ಕೆ ನಿಂತಿತು, ಎರಡನೆಯ ಸಲ ಏಳಕ್ಕೆ. ಹಿರಿಯರು ದಯಾಳುಗಳು. ಮೂರನೆಯ ಅವಕಾಶ ಕೊಟ್ಟು, ನಾಲ್ಕನೆಯದು ಇಲ್ಲವೆಂದು ಅದೇ ಕಾಗದದಲ್ಲಿ ಬರೆದಿದ್ದರು.

ಆದರೆ ಅವನನ್ನು ಕೊರೆಯುತ್ತಿದ್ದದ್ದು ಪರೀಕ್ಷೆಯಲ್ಲ. ಹಿಂದಿನ ವಾರ ಸಾರಮ್ಮ ಎಂಬ ಮುದುಕಿ ಸಾಯುತ್ತಿದ್ದಾಳೆಂದು ಅವಳ ಮನೆಯವರು ಅವನನ್ನು ಕರೆದೊಯ್ದಿದ್ದರು. ಒಂದು ವಾಕ್ಯ ಹೇಳಪ್ಪ ಎಂದು ಅವಳು ಕೇಳಿದಳು. ಒಂದೂ ನೆನಪಿಗೆ ಬರಲಿಲ್ಲ. ಪುಸ್ತಕ ಹೆಗಲ ಚೀಲದಲ್ಲೇ ಇತ್ತು. ಉಪದೇಶಿಯಾಗುವವನು ನೋಡಿಕೊಂಡು ಓದಿದರೆ ಜನ ಏನೆಂದಾರು ಎಂದು ಅದನ್ನು ತೆಗೆಯಲಿಲ್ಲ. ನೆನಪಿಸಿಕೊಳ್ಳುತ್ತ ನಿಂತ. ಅವನು ನೆನಪಿಸಿಕೊಳ್ಳುವಷ್ಟು ಹೊತ್ತು ಸಾರಮ್ಮನಿಗೆ ಇರಲಿಲ್ಲ.

ಇದನ್ನೆಲ್ಲ ಹೇಳಿ, ನಾಳೆಯ ಬಸ್ಸಿಗೆ ಊರಿಗೆ ಹೋಗಿಬಿಡುತ್ತೇನೆ ಎಂದ. ಪುಸ್ತಕ ಇನ್ನು ತನಗೆ ಬೇಡವೆಂದು ಅಯ್ಯನವರ ಮೇಜಿನ ಮೇಲೆ ಇಟ್ಟ.

ಆಶೀರ್ವಾದಪ್ಪ ಅಯ್ಯನವರು ಕಂಠಪಾಠಕ್ಕೆ ಹೆಸರಾದವರು. ಮೂವತ್ತು ವರ್ಷ ಪುಸ್ತಕ ತೆರೆಯದೆ ಸಭೆಗೆ ಪ್ರಸಂಗ ಮಾಡಿದ್ದರು. ಅವರ ಸತ್ಯವೇದ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆಯೇ ಇತ್ತು. ಹೋದ ವರ್ಷ ದೊಡ್ಡಾಸ್ಪತ್ರೆಗೆ ಹೋಗಿಬಂದ ಮೇಲೆ ಅವರ ದನಿ ತಗ್ಗಿತ್ತು, ನೆನಪು ತಗ್ಗಿರಲಿಲ್ಲ. ಎಲೀಷನ ಪುಸ್ತಕವನ್ನು ಅವರು ಹಿಂದಕ್ಕೂ ತಳ್ಳಲಿಲ್ಲ, ಹತ್ತಿರಕ್ಕೂ ಎಳೆದುಕೊಳ್ಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಅಣ್ಣ ತಮ್ಮ ಇಬ್ಬರು ಕಲ್ಲುಕುಟಿಗರಿದ್ದರು. ಸಮಾಧಿಕಲ್ಲು ಕೆತ್ತುವುದು ಅವರ ಕಸುಬು. ಆ ಊರಿನ ವಿಶ್ವಾಸಿಗಳಲ್ಲಿ ಒಂದು ಪದ್ಧತಿ. ಪ್ರತಿಯೊಬ್ಬರೂ ತಮ್ಮದೆಂದು ಒಂದು ವಾಕ್ಯವನ್ನು ಆರಿಸಿಕೊಂಡು, ಬದುಕಿರುವಾಗಲೇ ಮನೆಯವರಿಗೆ ಹೇಳಿಡಬೇಕು. ಸತ್ತ ಮೇಲೆ ಅದನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರೆ. ನಮ್ಮಲ್ಲೂ ಇದೆಯಲ್ಲ, ಹಾಗೆಯೇ.

ಅಣ್ಣನಿಗೆ ಸತ್ಯವೇದ ಪೂರ್ತಿ ಬಾಯಿಪಾಠ. ಬಂದವರು ಸಂಖ್ಯೆ ಹೇಳಿ ಮುಗಿಸುವ ಮುಂಚೆಯೇ ಅವನ ಉಳಿ ಕಲ್ಲಿನ ಮೇಲೆ ಇರುತ್ತಿತ್ತು. ಎರಡು ದಿನಕ್ಕೊಂದು ಕಲ್ಲು. ಸತ್ತವರು ಯಾರೆಂಬುದು ಅವನಿಗೂ ತಿಳಿಯುತ್ತಿತ್ತು, ಹೆಸರನ್ನೂ ಕೆತ್ತಬೇಕಲ್ಲ.

ತಮ್ಮನಿಗೆ ಪುಟದಿಂದ ಕಲ್ಲಿಗೆ ಕಣ್ಣು ತಿರುಗಿಸುವಷ್ಟರಲ್ಲಿ ಮರೆತುಹೋಗುತ್ತಿತ್ತು. ಅವನು ಪುಸ್ತಕವನ್ನು ಪಕ್ಕದಲ್ಲೇ ತೆರೆದಿಟ್ಟು, ಪುಟ ಹಾರದಂತೆ ಒಂದು ಕಲ್ಲುಚೂರು ಇರಿಸಿ, ಒಂದು ಪದ ನೋಡುತ್ತಿದ್ದ, ಒಂದು ಪದ ಕೆತ್ತುತ್ತಿದ್ದ. ಕೊನೆಯ ಪದಕ್ಕೆ ಬಂದಾಗ ಮೊದಲನೆಯದು ಮರೆತಿರುತ್ತಿತ್ತು. ಮತ್ತೆ ಮೊದಲಿನಿಂದ ಓದುತ್ತಿದ್ದ. ಒಂದು ಕಲ್ಲಿಗೆ ಹತ್ತು ದಿನ.

ಸಂಖ್ಯೆ ಹೇಳಿದರೆ ಅದೂ ಮರೆಯುತ್ತಿತ್ತು. ಹಾಗಾಗಿ, ಬಂದವರನ್ನು ಈ ವಾಕ್ಯವೇ ಯಾಕೆ ಎಂದು ಕೇಳುತ್ತಿದ್ದ. ಕರುಣೆಯಿಂದಲ್ಲ, ಕಾರಣ ಗೊತ್ತಿದ್ದರೆ ಪುಟ ಹುಡುಕುವುದು ಸುಲಭವೆಂದು. ಅವರು ಕೂತು ಹೇಳುತ್ತಿದ್ದರು. ಹೇಳಿ ಮುಗಿಸಿದ ಮೇಲೆ, ಗುರುತಿಗೆ ಏನಾದರೂ ಕೊಟ್ಟು ಹೋಗಿ ಎನ್ನುತ್ತಿದ್ದ. ಒಬ್ಬಳು ಗಂಡನ ಅಂಗಿಯ ಗುಂಡಿ ಕೊಟ್ಟಳು. ಒಬ್ಬ ಮಗಳ ಜಡೆಯ ರಿಬ್ಬನ್ನು ಕೊಟ್ಟ. ಕೆರೆಯಲ್ಲಿ ಮಗನನ್ನು ಕಳೆದುಕೊಂಡವಳ ಕೈಯಲ್ಲಿ ಏನೂ ಇರಲಿಲ್ಲ. ಸೆರಗಿನಿಂದ ಒಂದು ಎಳೆ ಕಿತ್ತು ಕೊಟ್ಟಳು. ಎಲ್ಲವೂ ಆಯಾ ಪುಟದಲ್ಲಿ ಕೂತು, ಪುಸ್ತಕ ಹೊಟ್ಟೆಯಂತೆ ಉಬ್ಬಿತು. ನಿನ್ನ ಪುಸ್ತಕಕ್ಕೆ ಎಷ್ಟು ತಿಂಗಳಪ್ಪ ಎಂದು ಊರವರು ನಗುತ್ತಿದ್ದರು.

ಅಣ್ಣನ ಮಾತು ಇನ್ನೂ ಹರಿತ. “ನೀನು ಕೆತ್ತಿದ್ದು ಕಲ್ಲಿಗಾದರೂ ನೆನಪಿರುತ್ತೆ ಕಣೋ, ನಿನಗಿರಲ್ಲ” ಎನ್ನುತ್ತಿದ್ದ. ತಮ್ಮ ಹೌದೆಂದು ತಲೆಯಾಡಿಸಿ, ಮತ್ತೆ ಮೊದಲ ಪದಕ್ಕೆ ಹೋಗುತ್ತಿದ್ದ.

ಐದು ಪಟ್ಟು ಕಲ್ಲು ಕೆತ್ತಿದವನ ಎದೆಗೆ ಐದು ಪಟ್ಟು ಧೂಳು. ಅಣ್ಣನೇ ಮೊದಲು ಮಲಗಿದ. ನಿಮ್ಮ ವಾಕ್ಯ ಯಾವುದೆಂದು ಹೆಂಡತಿ ಕೇಳಿದಳು. ಅವನು ಒಂದು ಹೇಳಿದ. ಅವಳು ಬರೆದುಕೊಳ್ಳುವಷ್ಟರಲ್ಲಿ, ಅದಲ್ಲ ಎಂದು ಇನ್ನೊಂದು ಹೇಳಿದ. ಕೆಮ್ಮುತ್ತ ಕೆಮ್ಮುತ್ತ ಮೂರು ದಿನ ಹೇಳಿದ. ಒಂದಕ್ಷರ ತಪ್ಪಲಿಲ್ಲ. ಒಂದು ಕಡೆ ನಿಲ್ಲಲೂ ಇಲ್ಲ.

ನಾಲ್ಕನೆಯ ದಿನ ತಮ್ಮ ಹಾಸಿಗೆಯ ಪಕ್ಕ ಕೂತ. “ಅಣ್ಣಾ, ಇಷ್ಟರಲ್ಲಿ ನಿನ್ನದು ಯಾವುದು?”

“ಯಾವುದಾದರೂ ಹಾಕೋ. ಎಲ್ಲವೂ ನನಗೆ ಬರುತ್ತಲ್ಲ.”

ಸ್ವಲ್ಪ ಹೊತ್ತು ಬಿಟ್ಟು ಅಣ್ಣ, ತಮ್ಮನ ಪುಸ್ತಕವನ್ನು ತರಿಸಿಕೊಂಡ. ಗುಂಡಿ ಇದ್ದ ಪುಟ ತಾನಾಗಿ ತೆರೆಯಿತು. ಇದು ಯಾರದೆಂದು ಕೇಳಿದ. ತಮ್ಮ ಹೇಳಿದ. ರಿಬ್ಬನ್ನಿನ ಪುಟಕ್ಕೂ ಕೇಳಿದ, ಸೆರಗಿನ ಎಳೆಯ ಪುಟಕ್ಕೂ ಕೇಳಿದ. ಒಂದು ವಾಕ್ಯವೂ ಬಾಯಿಗೆ ಬಾರದ ತಮ್ಮ, ಯಾರದು, ಯಾಕೆ ಎಂಬುದನ್ನು ಒಂದನ್ನೂ ಬಿಡದೆ ಹೇಳಿದ. ಆ ಎಳೆಯ ಪುಟದ ವಾಕ್ಯವನ್ನು ಅಣ್ಣ ತಾನೇ ಆರು ಕಲ್ಲುಗಳ ಮೇಲೆ ಕೆತ್ತಿದ್ದ. ಈಗ ಹೊಸದಾಗಿ ಅಕ್ಷರ ಕಲಿತವನ ಹಾಗೆ ಬೆರಳಿಟ್ಟು ಓದಿದ. ಆಮೇಲೆ ಕೊನೆಯ ಪುಟದವರೆಗೂ ತಿರುವಿ, “ಇದರಲ್ಲಿ ನನ್ನದು ಎಲ್ಲೋ?” ಎಂದ.

ತಮ್ಮ ಸುಳ್ಳು ಹೇಳುವವನಲ್ಲ. ಪುಸ್ತಕವನ್ನು ಮೆಲ್ಲಗೆ ಮುಚ್ಚಿದ.

ಅಣ್ಣನ ಕಲ್ಲನ್ನು ತಮ್ಮನೇ ಕೆತ್ತಿದ. ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಕೆಳಗೆ ವಾಕ್ಯಕ್ಕೆಂದು ನಾಲ್ಕು ಗೆರೆ ಎಳೆದು, ಹಾಗೆಯೇ ಬಿಟ್ಟ. ತಮ್ಮ ಒಂದೇ ದಿನದಲ್ಲಿ ಮುಗಿಸಿದ ಕಲ್ಲು ಅದೊಂದೇ.

ಅಯ್ಯನವರು ಕತೆ ನಿಲ್ಲಿಸಿದರು. ಕತೆ ತನ್ನ ಪಕ್ಷ ವಹಿಸಿದೆ ಎಂದು ಎಲೀಷನಿಗೆ ಅನ್ನಿಸಿ ಎದೆ ಹಗುರಾಯಿತು. ಹಗುರಾದದ್ದು ಸ್ವಲ್ಪ ಹೊತ್ತು ಮಾತ್ರ. ತಮ್ಮನ ಪುಸ್ತಕ ತೆರೆದಿತ್ತು, ತನ್ನದು ಚೀಲದಲ್ಲಿತ್ತು. ಯಾವ ವಾಕ್ಯ ಬೇಕಮ್ಮ ಎಂದು ಸಾರಮ್ಮನನ್ನು ಕೇಳಿದ್ದರೆ ಅವಳೇ ಹೇಳುತ್ತಿದ್ದಳೋ ಏನೋ. ಅವನು ಮೆಲ್ಲಗೆ ಕೈಚಾಚಿ ಮೇಜಿನ ಮೇಲಿನ ಪುಸ್ತಕವನ್ನು ತೆಗೆದುಕೊಂಡ. ಆದರೂ ಒಂದು ಮಾತು ಖಚಿತಪಡಿಸಿಕೊಳ್ಳೋಣವೆನ್ನಿಸಿತು.

“ಹಾಗಾದರೆ ನನಗೆ ಬಾಯಿಪಾಠ ಬಾರದಿದ್ದರೂ ನಡೆಯುತ್ತದೆಯೇ, ಅಯ್ಯನವರೇ?”

ಅಯ್ಯನವರು ಹೊಸದರಂತಿದ್ದ ತಮ್ಮ ಸತ್ಯವೇದದ ಕಡೆ ನೋಡಿದರು.

“ನನಗೆ ನೂರೈವತ್ತು ಕೀರ್ತನೆಗಳೂ ಬಾಯಿಗೆ ಬರುತ್ತವೆ, ಎಲೀಷ. ನನ್ನ ಕಲ್ಲಿಗೆ ಯಾವ ವಾಕ್ಯವೆಂದು, ಆಸ್ಪತ್ರೆಯಿಂದ ಬಂದ ದಿನದಿಂದ ನಮ್ಮ ಮನೆಯವಳು ಕೇಳುತ್ತಲೇ ಇದ್ದಾಳೆ.”