ಫಕೀರವ್ವನ ಪಟ್ಟಿ ಕೌದಿ

ಯಾವ ಕಾಲದ ಮಾತು ಅಂತ ಮಾತ್ರ ಕೇಳಬೇಡಿ. ಇಸವಿ ಹೇಳಿದರೆ ನೀವು ಲೆಕ್ಕ ಹಾಕಲು ಕೂರುತ್ತೀರಿ, ಕತೆ ನಿಂತಲ್ಲೇ ನಿಂತುಬಿಡುತ್ತದೆ. ಹಿಂದೆ, ಬಹಳ ಹಿಂದೆ, ಹೊಳೆ ಬಳುಕಿ ತಿರುಗುವ ಜಾಗದಲ್ಲಿ ಒಂದು ಊರಿತ್ತು. ಆ ಊರಲ್ಲಿ ಫಕೀರವ್ವ ಅಂತ ಒಬ್ಬಳಿದ್ದಳು. ಬೆಳಗ್ಗೆ ಸೂಜಿ ಹಿಡಿದರೆ ರೊಟ್ಟಿ ಉಣ್ಣುವ ಹೊತ್ತಿಗೆ ಕೌದಿ ಮಡಚಿ ಇಡುತ್ತಿದ್ದಳಂತೆ. ಸೂಜಿ ತಾನೇ ಓಡುತ್ತಿತ್ತು, ಅವಳು ಅದರ ಹಿಂದೆ ಹೋಗುತ್ತಿದ್ದಳು ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು. ನಾನು ಕಾಲೇಜು ಕಲಿತವನು, ಸೂಜಿ ತಾನೇ ಓಡಿತು ಅಂದಾಗ ಒಂದು ಕ್ಷಣ ತಡೆಯುತ್ತೇನೆ. ಆಮೇಲೆ ನಂಬಿಬಿಡುತ್ತೇನೆ. ನಂಬದೆ ಹೇಳಿದರೆ ಹೇಳುವವನಿಗೇನು ಸುಖ?

ಕೌದಿ ಅಂದರೆ ಹಳೆಯ ಸೀರೆ, ಧೋತರ, ಕುಬಸಗಳ ತುಂಡು ಕೂಡಿಸಿ ಹೊಲಿದ ಹೊದಿಕೆ. ಎಲ್ಲ ಕಡೆಯೂ ಇದೆ. ಆದರೆ ಆ ಊರಲ್ಲಿ ಕೂಸಿನ ಕೌದಿಗೆ ಒಂದು ಕಟ್ಟಳೆ ಇತ್ತು. ಬಸುರಿ ಇದ್ದ ಮನೆಗೆ ಓಣಿಯ ಪ್ರತಿ ಮನೆಯಿಂದಲೂ ಒಂದೊಂದು ಉಟ್ಟ ಬಟ್ಟೆ ಬರಬೇಕು. ಹುಟ್ಟಿದ ಕೂಸು ಮೊದಲು ಮಲಗುವುದು ಆ ಬಟ್ಟೆಗಳ ಕೌದಿಯ ಮೇಲೇ. ಹಾಗೆ ಮಲಗಿದ ಕೂಸು ಯಾವ ಮನೆಯದು ಅಂತ ಕೇಡಿಗೆ ಗುರುತು ಹತ್ತುವುದಿಲ್ಲವಂತೆ. ಮನೆ ಮನೆ ಹುಡುಕಿ, ಸುಸ್ತಾಗಿ, ಹೊಳೆ ದಾಟಿ ಹೋಗಿಬಿಡುತ್ತದಂತೆ.

ಕೂಸಿನ ಕೌದಿ ಹೊಲಿಯುವ ಹಕ್ಕು ಯಂಕವ್ವನದು. ಯಂಕವ್ವ ಅಂದರೆ ಫಕೀರವ್ವನ ಅತ್ತೆ. ಅಂಗೈಯಗಲದ ತುಂಡನ್ನು ಒಂದೊಂದಾಗಿ ಕತ್ತರಿಸುತ್ತಿದ್ದಳು. ಕತ್ತರಿಸುವಾಗ ಆ ಬಟ್ಟೆ ಕೊಟ್ಟ ಮನೆಯ ಹೆಸರು ಹೇಳುತ್ತಿದ್ದಳು. ಒಂದು ತುಂಡು, ಒಂದು ಹೆಸರು. ಇನ್ನೊಂದು ತುಂಡು, ಇನ್ನೊಂದು ಹೆಸರು. ಆ ಕೌದಿ ಚೆಂದವಿರುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಗಿಯುತ್ತಿರಲಿಲ್ಲ.

ಯಾಕೆ ಮುಗಿಯುತ್ತಿರಲಿಲ್ಲ ಅಂದರೆ, ನಡುವಿನ ತುಂಡಿಗಾಗಿ ಜಗಳ. ಕೂಸಿನ ಬೆನ್ನು ಬೀಳುವ ಜಾಗ ಅದು, ಕೂಸಿನ ಮೇಲೆ ಮೊದಲ ಹಕ್ಕು ಆ ಮನೆಗೆ. ಗೌಡರ ಮನೆಯ ಸಾವಂತ್ರೆವ್ವ ನಮ್ಮದೇ ನಡುವೆ ಇರಬೇಕು ಅನ್ನುವಳು. ಚಿನ್ನಬೆಳ್ಳಿ ಕೆಲಸದ ಪತ್ತಾರರ ಮನೆಯ ಕಾಳವ್ವ ಹಿಂದಿನಿಂದಲೂ ನಮ್ಮದೇ ಇತ್ತು ಅನ್ನುವಳು. ಇವಳಿಗಾಗಿ ಹೊಲಿದದ್ದನ್ನು ಅವಳಿಗಾಗಿ ಬಿಚ್ಚಬೇಕು, ಅವಳಿಗಾಗಿ ಹೊಲಿದದ್ದನ್ನು ಇವಳಿಗಾಗಿ ಬಿಚ್ಚಬೇಕು. ಒಮ್ಮೆ ಸಾವಂತ್ರೆವ್ವ, "ನಿಮ್ಮ ಮನಿ ಸೀರಿಗೆ ಇದ್ದಿಲಿ ವಾಸನಿ, ಕೂಸು ಸೀನತೈತಿ" ಅಂದಳಂತೆ. "ನಿಮ್ಮ ಮನಿ ಸೀರಿಗೆ ನಿನ್ನ ಬಾಯಿ ವಾಸನಿ, ಕೂಸು ಹುಟ್ಟೂದ ಇಲ್ಲ ಬಿಡು" ಅಂದಳಂತೆ ಕಾಳವ್ವ. ಅಂದಿನಿಂದ ಇಬ್ಬರೂ ಮಾತು ಬಿಟ್ಟರು. ಬಟ್ಟೆಯ ಜಗಳ ಮಾತ್ರ ಬಿಡಲಿಲ್ಲ.

ಆ ಓಣಿಯಲ್ಲಿ ಚಿನ್ನವ್ವ ಅಂತ ಒಬ್ಬ ಹುಡುಗಿ ಇದ್ದಳು. ಅವಳ ಎರಡು ಕೂಸುಗಳು ಕೈಗೆ ಬಂದು ಹೋಗಿದ್ದವು. ಎರಡೂ ಸಲ ಕೌದಿ ಅರ್ಧಕ್ಕೇ ನಿಂತಿತ್ತು. ಅರ್ಧ ಕೌದಿಯ ಮೇಲೆ ಮಲಗಿಸಿದ್ದಕ್ಕೇ ಹೀಗಾಯಿತು ಅಂತ ಊರು ಆಡಿಕೊಂಡಿತು. ಮೂರನೆಯ ಬಸುರಿನಲ್ಲಿ, ತಿಂಗಳು ತುಂಬುತ್ತಾ ಬಂದಾಗ, ಚಿನ್ನವ್ವ ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಯಂಕವ್ವನ ಕಟ್ಟೆಗೆ ಬಂದಳು. ಅಳಲಿಲ್ಲ.

"ಆಯಿ, ಈ ಸಲ ಆಗತೈತೋ ಇಲ್ಲೋ ಅಷ್ಟ ಹೇಳು. ಆಗೂದಿಲ್ಲಂದ್ರ ನಾ ಹೊಳಿ ಆಚಿ ಊರಾಗ ಹೋಗಿ ಬರೇ ನೆಲದ ಮ್ಯಾಲ ಹಡೀತೀನಿ. ಅರ್ಧ ಕೌದಿ ಮ್ಯಾಲ ಮಾತ್ರ ಒಲ್ಲೆ."

ಯಂಕವ್ವ ಸೂಜಿಗೆ ದಾರ ಪೋಣಿಸುತ್ತಲೇ ಇದ್ದಳಂತೆ. ಕಣ್ಣು ಮಂಜಾಗಿತ್ತು, ದಾರ ಪಕ್ಕಕ್ಕೆ ಹೋಗುತ್ತಿತ್ತು.

ಆಗ ಒಳಗಿನಿಂದ ಫಕೀರವ್ವ ಬಂದಳು. ಇವಳ ಬಗ್ಗೆ ಒಂದು ಮಾತು ಹೇಳಲೇಬೇಕು: ಊರಲ್ಲಿ ಅವಳಿಗಿದ್ದ ಹೆಸರು ಮೈಗಳ್ಳಿ. ಎರಡು ಸಲ ಮಾಡುವ ಕೆಲಸವನ್ನು ಒಂದೇ ಸಲಕ್ಕೆ ಮುಗಿಸಿ, ಉಳಿದ ಹೊತ್ತು ಕಂಬಕ್ಕೆ ಒರಗಿ ಕೂರುವ ಹೆಂಗಸು. ಅಂಥವರನ್ನು ಕಂಡರೆ ನನಗೆ ಮೊದಲಿಂದಲೂ ಪ್ರೀತಿ. ಅವಳ ಕೈಗೆ ಆವತ್ತು ಶಂಕರಪಾಳಿಯ ಹಿಟ್ಟು ಮೆತ್ತಿಕೊಂಡಿತ್ತಂತೆ.

"ಅತ್ತಿ, ಶಂಕರಪಾಳಿ ಒಂದೊಂದ ಕೊಯ್ಯತೀವೇನು? ಲಟ್ಟಿಸಿ, ಉದ್ದಕ ಗೆರಿ ಎಳದು, ಅಡ್ಡಕ ಗೆರಿ ಎಳದ್ರ ಆತು. ಬಟ್ಟೀನೂ ಹಂಗ ಮಾಡೂಣು. ಉದ್ದುದ್ದ ಪಟ್ಟಿ ಹರದು, ಮೊದಲ ಜೋಡಿಸಿ ಹೊಲದು, ಆಮ್ಯಾಲ ಅಡ್ಡಕ ಕತ್ತರಸೂಣು. ಒಂದೊಂದ ಸಾಲು ಕೂಡೇ ಬರತೈತಿ."

"ಶಂಕರಪಾಳಿ ಮ್ಯಾಲ ಯಾರೂ ಕೂಸಿನ್ನ ಮಲಗಸೂದಿಲ್ಲ, ನಡಿ ಒಳಗ" ಅಂದಳು ಯಂಕವ್ವ.

ಆದರೂ ಚಿನ್ನವ್ವನ ಮುಖ ನೋಡಿ ಒಂದಿಷ್ಟು ಬಟ್ಟೆ ಸೊಸೆಯ ಕಡೆ ಸರಿಸಿದಳಂತೆ. ಒಂದಿಷ್ಟೇ. ಯಾಕೆಂದರೆ ಕೂಸಿನ ಕೌದಿಗೆ ಒಂದು ಮನೆಯ ಬಟ್ಟೆಯನ್ನು ಎರಡನೇ ಸಲ ಕೇಳುವಂತಿಲ್ಲ. ಕೆಟ್ಟರೆ ಕೆಟ್ಟಿತು.

ಫಕೀರವ್ವ ಪಟ್ಟಿ ಹರಿದಳು, ಸರಸರ ಹೊಲಿದಳು, ಹೆಂಗಸರೆಲ್ಲ ಸುತ್ತ ಕೂತಿರುವಾಗಲೇ ಕತ್ತರಿ ತೆಗೆದುಕೊಂಡು ಅಡ್ಡಕ್ಕೆ ಕತ್ತರಿಸಿದಳು. ಕತ್ತರಿಸಿದ ಸಾಲನ್ನು ಎತ್ತಿ ತೋರಿಸಿದಳು. ಎತ್ತಿದ್ದೇ ತಡ, ಕತ್ತರಿ ತಾಗಿದ ಕಡೆಯಿಂದ ಹೊಲಿಗೆ ಜಾರಿತು. ದಾರ ಸುರ್ರನೆ ಬಿಚ್ಚಿಕೊಂಡು ತುಂಡುಗಳು ಮಡಿಲಿಗೆ ಉದುರಿದವು. ಕಟ್ಟೆಯ ಮೇಲೆ ನಗುವೋ ನಗು.

"ಚಲೋ ಆತು, ಕತ್ತರಸೂ ಕೆಲಸರ ಉಳೀತು ನನಗ" ಅಂದಳು ಯಂಕವ್ವ. ಚಿನ್ನವ್ವ ಮಾತ್ರ ನಗಲಿಲ್ಲ. ಎದ್ದು ಗೋಡೆ ಹಿಡಿದುಕೊಂಡು ಮನೆಗೆ ಹೋದಳು.

ಅವಳು ಹೋದ ದಾರಿಯನ್ನೇ ಯಂಕವ್ವ ನೋಡುತ್ತ ಕೂತಳಂತೆ. ಹೆಂಗಸರು ಚದುರಿದ ಮೇಲೆ ಒಂದು ತುಂಡು ಎತ್ತಿಕೊಂಡು ಬೆರಳಿನಿಂದ ಅಂಚು ಸವರಿದಳು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು.

"ಹುಚ್ಚಿ, ಮುಂದ ಮುಂದ ಓಡಿಸೀಯಲ್ಲ ಹೊಲಿಗೀನ! ಮುಂದ ಓಡೂ ಹೊಲಿಗಿ ಕತ್ತರಿ ಬಿದ್ದಲ್ಲೆ ಬಿಚ್ಚತೈತಿ. ಒಂದ ಹೆಜ್ಜಿ ಮುಂದ ಹಾಕು, ಅರ್ಧ ಹೆಜ್ಜಿ ಹಿಂದ ಬಾ. ಎಲ್ಲೆ ಕಡದ್ರೂ ಹಿಡಕೊಂಡ ಕೂಡತೈತಿ."

ನೋಡಿ, ಪಟ್ಟಿಯ ಯೋಚನೆ ಸೊಸೆಯದು, ಹೊಲಿಗೆ ಅತ್ತೆಯದು. ಊರು ಫಕೀರವ್ವನ ಹೆಸರೊಂದನ್ನೇ ಇಟ್ಟುಕೊಂಡಿತು. ಊರಿಗೆ ಎರಡು ಹೆಸರು ನೆನಪಿಡುವ ತಾಳ್ಮೆ ಎಲ್ಲಿ?

ಇನ್ನು ಹೆಸರು ಹೇಳುವ ಕಟ್ಟಳೆ ಉಳಿಯಿತು. ತುಂಡು ತುಂಡಿಗೂ ಹೇಳುತ್ತಿದ್ದ ಹೆಸರನ್ನು ಪಟ್ಟಿಗೆ ಹೇಗೆ ಹೇಳುವುದು? ಫಕೀರವ್ವ ಅಂದಳಂತೆ, ಉದ್ದ ಬಟ್ಟೆ ನೇರ ಹರಿಯಬೇಕಾದರೆ ಹೇಗೂ ಇಬ್ಬರು ಬೇಕು, ಈ ತುದಿಗೆ ಒಬ್ಬಳು, ಆ ತುದಿಗೆ ಒಬ್ಬಳು. ಹರಿಯುವಾಗ ಈ ತುದಿಯವಳು ಆ ತುದಿಯವಳ ಮನೆಯ ಹೆಸರು ಹೇಳಲಿ, ಆ ತುದಿಯವಳು ಇವಳದು ಹೇಳಲಿ. ಯಂಕವ್ವ ಒಪ್ಪಿದಳು. ಸೊಸೆ ಹೋಗಿ ಯಾರನ್ನು ಕರೆತಂದಳು ಗೊತ್ತೇ? ಒಂದು ತುದಿಗೆ ಸಾವಂತ್ರೆವ್ವ, ಇನ್ನೊಂದು ತುದಿಗೆ ಕಾಳವ್ವ. ಒಬ್ಬಳು ಬರುವುದನ್ನು ಇನ್ನೊಬ್ಬಳಿಗೆ ಹೇಳಿರಲಿಲ್ಲ.

ಇಬ್ಬರೂ ಬಟ್ಟೆ ಹಿಡಿದು ಮುಖ ತಿರುಗಿಸಿ ನಿಂತರು. ಬಾಯಿ ಬಿಡದೆ ಎಳೆದರು. ಬಟ್ಟೆ ಹರಿಯಲಿಲ್ಲ. ಹಳೆಯ ಬಟ್ಟೆ, ಊದಿದರೆ ಹರಿಯುವಂಥದ್ದು, ಹರಿಯಲಿಲ್ಲವಂತೆ. ಹಾಗಂತ ಹೇಳುತ್ತಾರೆ, ನಾನೂ ಹಾಗೇ ಹೇಳುತ್ತೇನೆ. ಅಷ್ಟರಲ್ಲಿ ಪಕ್ಕದ ಮನೆಯಿಂದ ಚಿನ್ನವ್ವನ ನರಳಿಕೆ ಕೇಳಿಸಿತು. ಬೇನೆ ಶುರುವಾಗಿತ್ತು. ಕಾಳವ್ವ ಮೊದಲು ಬಾಯಿ ಬಿಟ್ಟಳು, "ಗೌಡರ ಮನಿ!" ಮರುಕ್ಷಣ ಸಾವಂತ್ರೆವ್ವ ಕೂಗಿದಳು, "ಪತ್ತಾರರ ಮನಿ!" ಬಟ್ಟೆ ನೂಲಿನ ದಾರಿ ಹಿಡಿದು ಚರ್ರನೆ ಹರಿಯಿತು.

ಆಮೇಲೆ ಎಲ್ಲ ಓಟವೇ. ಹರಿ, ಜೋಡಿಸು, ಹೊಲಿ, ಅಡ್ಡಕ್ಕೆ ಕತ್ತರಿಸು. ಈ ಸಲ ಒಂದು ಹೊಲಿಗೆಯೂ ಜಾರಲಿಲ್ಲ. ಫಕೀರವ್ವ ಪ್ರತಿ ಸಾಲನ್ನೂ ಹಿಂದಿನ ಸಾಲಿಗಿಂತ ಒಂದು ತುಂಡಿನಷ್ಟು ಸರಿಸಿ ಹಚ್ಚಿದಳು, ಹೊರಗೆ ಚಾಚಿದ್ದನ್ನು ಬಿಚ್ಚಿ ಅದೇ ಸಾಲಿನ ಇನ್ನೊಂದು ತುದಿಗೆ ಸೇರಿಸಿದಳು. ಹಾಗಾಗಿ ಒಂದೊಂದು ಮನೆಯ ಬಣ್ಣವೂ ಮೆಟ್ಟಿಲು ಇಳಿದಂತೆ ಓರೆಯಾಗಿ ಇಳಿಯಿತು. ಸಾವಂತ್ರೆವ್ವನ ಹಸಿರು ತಲೆಯ ಕಡೆಯೂ ಇತ್ತು, ಕಾಲಿನ ಕಡೆಯೂ ಇತ್ತು. ಕಾಳವ್ವನ ಕೆಂಪೂ ಹಾಗೇ. ಓಣಿಯ ತುದಿಯ ಗುಡಿಸಲಲ್ಲಿದ್ದ ಒಬ್ಬ ಮುದುಕಿಯ ಮಾಸಿದ ಬಿಳಿಯೂ ಹಾಗೇ.

ನಡುವೆ ಯಾರದು? ಇಬ್ಬರೂ ಬಗ್ಗಿ ಹುಡುಕಿದರಂತೆ. ಸಾಲುಗಳು ಸರಿಸಂಖ್ಯೆಯಲ್ಲಿದ್ದವು, ನಟ್ಟನಡುವೆ ತುಂಡೇ ಇರಲಿಲ್ಲ, ಬರೀ ಹೊಲಿಗೆ ಇತ್ತು.

"ಹೊಲಿಗಿ ಯಾರ ಮನೀದಲೇ?" ಅಂದಳು ಸಾವಂತ್ರೆವ್ವ.

"ಸುಮ್ಮನ ಆ ಅಂಚು ಹೊಲಿಯೇ ಯವ್ವಾ, ಕೂಸು ಬರಾಕ ಹತ್ತೈತಿ" ಅಂದಳು ಕಾಳವ್ವ.

ಕೊನೆಯ ಅಂಚನ್ನು ಇಬ್ಬರೂ ಎರಡು ಮೂಲೆಯಿಂದ ಹೊಲಿಯುತ್ತ ಬಂದರು. ಇಬ್ಬರ ಸೂಜಿ ಕೂಡುವುದಕ್ಕೂ ಕೂಸು ಅಳುವುದಕ್ಕೂ ಸರಿಹೋಯಿತಂತೆ. ಇಲ್ಲ, ಕೂಸು ಮೊದಲೇ ಬಂದಿತ್ತು, ಯಂಕವ್ವ ಅದನ್ನು ತನ್ನ ಮಡಿಲಲ್ಲಿಟ್ಟುಕೊಂಡು "ತಡಿಯೋ ತಮ್ಮಾ, ತಡಿ" ಅಂತ ಕಾಯಿಸಿದಳು ಅನ್ನುವವರೂ ಇದ್ದಾರೆ. ಏನೇ ಇರಲಿ, ಕೂಸು ಪೂರ್ತಿ ಕೌದಿಯ ಮೇಲೆ ಮಲಗಿತು. ಚಿನ್ನವ್ವ ಆ ಕೌದಿಯ ಅಂಚನ್ನು ಸುತ್ತಲೂ ಮುಟ್ಟಿ ಮುಟ್ಟಿ ನೋಡಿ, ಆಮೇಲೆ ಅತ್ತಳಂತೆ. ಆ ಕೂಸು ಬದುಕಿತು. ಬೆಳೆದು ಓಣಿಯ ಎಲ್ಲ ಮನೆಯಲ್ಲೂ ಉಂಡಿತು, ಎಲ್ಲ ಮನೆಯಲ್ಲೂ ಬೈಸಿಕೊಂಡಿತು.

ಫಕೀರವ್ವ ಹೋಗಿ ಎಷ್ಟು ಕಾಲವಾಯಿತೋ. ಇವತ್ತಿಗೂ ಆ ಊರಲ್ಲಿ ಯಾರಾದರೂ ಬಸುರಿಯಾದರೆ ಹಿರಿಯ ಹೆಂಗಸರು ಮೊದಲು ಕೇಳುವುದು, ಓಣಿಯಲ್ಲಿ ಈಗ ಯಾರು ಯಾರು ಮಾತು ಬಿಟ್ಟಿದ್ದಾರೆ ಅಂತ. ಅವರನ್ನೇ ಕರೆದು ಬಟ್ಟೆಯ ಎರಡು ತುದಿ ಕೈಗೆ ಕೊಡುತ್ತಾರೆ. ಯಾರೂ ಮಾತು ಬಿಟ್ಟಿಲ್ಲವಾದರೆ ಹಿರಿಯರಿಗೆ ಭಾರಿ ಪೇಚಾಟ. ಆಗ ಇಬ್ಬರು ಗೆಳತಿಯರನ್ನು ಹಿಡಿದು ಕಟ್ಟೆಯ ಮೇಲೆ ನಿಲ್ಲಿಸಿ, ಬೇಕಂತಲೇ ಒಂದು ಜಗಳ ಹಚ್ಚುತ್ತಾರೆ. ಇಬ್ಬರೂ ಬೈದು ಬೈದು, ನಗು ತಡೆಯಲಾಗದೆ, ಒಬ್ಬರ ಮನೆಯ ಹೆಸರು ಇನ್ನೊಬ್ಬರು ಕೂಗಿ, ಬಟ್ಟೆ ಎಳೆಯುತ್ತಾರೆ.