ಬಿಡಿಸಿಕೊಟ್ಟ ಹಲಸು

"ಬುದ್ಧೀ, ಮಠದ ಶಾಲೆಯಲ್ಲಿ ಏಳು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಇಂದಿಗೂ ಮಕ್ಕಳು ನನ್ನನ್ನು ಕೇಳದೆ ಒಂದು ಪದ್ಯಕ್ಕೂ ಅರ್ಥ ಹೇಳುವುದಿಲ್ಲ. ಅಷ್ಟು ಪ್ರೀತಿ. ಆದರೂ ನೀವು ಒಮ್ಮೆಯೂ ನನ್ನನ್ನು ಮೆಚ್ಚಲಿಲ್ಲವೇಕೆ?" ಎಂದು ಮಹಾಂತಯ್ಯ ಗುರುಗಳನ್ನು ಕೇಳಿದ.

ಗುರುಗಳು ನಕ್ಕರು. "ಇದಕ್ಕೆ ಉತ್ತರ ಒಂದು ಸಿಂಗಳೀಕದ ಬಳಿ ಇದೆ. ಸಿಂಗಳೀಕದ ವಿಷಯ ನನ್ನಷ್ಟು ಬಲ್ಲವರು ಮೂರು ಲೋಕದಲ್ಲಿಲ್ಲ. ಪ್ರಾಯದಲ್ಲಿ ನಾನು ಒಂದೇ ನೆಗೆತಕ್ಕೆ ಆರು ಮರ ದಾಟುತ್ತಿದ್ದೆ. ಸಿಂಗಳೀಕಗಳು ಸಾಲಾಗಿ ಕುಳಿತು ನೋಡಿ ಕಲಿಯುತ್ತಿದ್ದವು. ನಂಬಿಕೆಯಿಲ್ಲದಿದ್ದರೆ ಹೋಗಿ ಅವನ್ನೇ ಕೇಳು. ಇರಲಿ, ಕತೆಗೆ ಬರೋಣ.

"ಕಾಡಿನಂಚಿನಲ್ಲಿ ಒಂದು ಆರೈಕೆ ಕೇಂದ್ರ. ಗಾಯಗೊಂಡ ಸಿಂಗಳೀಕಗಳನ್ನು ಗುಣಪಡಿಸಿ ಕಾಡಿಗೆ ಬಿಡುತ್ತಿದ್ದರು. ಆ ಜಾತಿಯೇ ಅಳಿಯುತ್ತಿತ್ತು. ಒಂದೊಂದು ಜೀವವೂ ಕಾಡಿಗೆ ಬೇಕಿತ್ತು. ಅಲ್ಲೊಂದು ಕಟ್ಟುನಿಟ್ಟಿನ ನಿಯಮ. ಆಹಾರ ಇಡುವವನು ಮುಖ ಮುಚ್ಚುವಂತೆ ಕಂಬಳಿ ಹೊದೆಯಬೇಕು, ಮಾತಾಡಬಾರದು, ಹಣ್ಣನ್ನು ಕೊಂಬೆಗೆ ಕಟ್ಟಿ ಬರಬೇಕು. ಮನುಷ್ಯನ ಕೈತುತ್ತು ಉಂಡ ಕೋತಿ ತಿನಿಸು ಬೇಡಲು ರಸ್ತೆಗೆ ಬಂದು ವಾಹನಕ್ಕೆ ಸಿಕ್ಕಿ ಸಾಯುತ್ತದೆ.

"ಅಲ್ಲೊಬ್ಬ ಪಾಲಕ. ಅವನ ಪಾಲಿಗೆ ತಾಯಿಯಿಲ್ಲದ ಒಂದು ಮರಿ ಬಂತು. ಕಟ್ಟಿದ ಹಲಸು ನನ್ನ ತಲೆಯಷ್ಟು ದಪ್ಪ. ಹಣ್ಣಿನೊಳಗೆ ಏನಾದರೂ ಇತ್ತು ಎಂಬುದಷ್ಟೇ ವ್ಯತ್ಯಾಸ. ಮರಿ ಅದರ ಮುಳ್ಳಿನೊಡನೆ ಹೆಣಗುವುದನ್ನು ಅವನಿಂದ ನೋಡಲಾಗಲಿಲ್ಲ. ಕಂಬಳಿ ಸರಿಸಿ, ಕೈಗೆ ಎಣ್ಣೆ ಸವರಿಕೊಂಡು, ತೊಳೆ ಬಿಡಿಸಿ ಬಾಯಿಗಿಟ್ಟ. ಇವತ್ತೊಂದು ದಿನ ಎಂದುಕೊಂಡ. ಎರಡು ಹಲಸಿನ ಕಾಲ ಹಾಗೇ ಕಳೆಯಿತು.

"ಬಿಡುಗಡೆಗೆ ಮುಂಚೆ ವೈದ್ಯೆ ಬಂದಳು. ಇಡೀ ಹಲಸನ್ನು ಮುಂದಿಟ್ಟಳು. ಮರಿ ಮುಟ್ಟಲಿಲ್ಲ. ಪಾಲಕನತ್ತ ಕೈ ಚಾಚಿ ಕುಳಿತಿತು.

'ಎಷ್ಟು ಪ್ರೀತಿ ನೋಡಿ ಮೇಡಂ!' ಎಂದ ಪಾಲಕ.

'ಪ್ರೀತಿಯಂತೆ! ಇದರ ಕೈಯನ್ನೇ ನೀನು ಕಿತ್ತುಕೊಂಡಿದ್ದೀಯ ಮಾರಾಯ. ಈ ಹಲಸಿನ ಕಾಲ ಮುಗಿಯುವುದರೊಳಗೆ ತಾನೇ ಸೀಳಿ ತಿನ್ನದಿದ್ದರೆ ಸಾಯುವ ತನಕ ಇದಕ್ಕೆ ಪಂಜರವೇ ಗತಿ' ಎಂದಳು ವೈದ್ಯೆ.

"ಪಾಲಕ ಮತ್ತೆ ಕಂಬಳಿ ಹೊದ್ದ. ಹಣ್ಣನ್ನು ಕೊಂಬೆಗೆ ಕಟ್ಟಿದ. ಮರಿ ಮೂರು ದಿನ ಬರೀ ಚಿಗುರು ತಿಂದು ಕೂಗಿತು. ಅವನು ಪೊದೆಯ ಹಿಂದೆ ತನ್ನೆರಡು ಕೈಗಳನ್ನು ಟವೆಲಿನಿಂದ ಬಿಗಿದುಕೊಂಡು ಕುಳಿತ. ನಾಲ್ಕನೆಯ ದಿನ ಮರಿ ಸಿಟ್ಟಿನಿಂದ ಹಣ್ಣಿಗೆ ಬಾಯಿ ಹಾಕಿತು. ಸಿಪ್ಪೆ ಹರಿಯಿತು.

"ತಿಂಗಳ ಮೇಲೆ ಬಾಗಿಲು ತೆರೆದರು. ಹತ್ತಿರದ ಮರಗಳಲ್ಲಿ ಹಿಂಡು ಕರೆಯುತ್ತಿತ್ತು. ಪಾಲಕನಿಗೆ ತಡೆಯಲಾಗಲಿಲ್ಲ, ಕಂಬಳಿ ಸರಿಸಿ ಮುಖ ತೋರಿಸಿದ. ಮರಿ ಅವನತ್ತ ಕೋರೆ ತೋರಿಸಿ ಗದರಿತು. ಮರ ಹತ್ತಿತು. ಹಿಂಡಿನೊಳಗೆ ಸೇರಿಹೋಯಿತು."

ಮಹಾಂತಯ್ಯನ ಕಣ್ಣು ತುಂಬಿತು. "ಪಾಪ! ಅಷ್ಟು ಮಾಡಿದವನಿಗೆ ಕೊನೆಗೊಂದು ನಮಸ್ಕಾರವೂ ಸಿಗಲಿಲ್ಲವೇ ಬುದ್ಧೀ?"

"ಕೋರೆ ತೋರಿಸಿತು ಎಂದೆನಲ್ಲ" ಎಂದರು ಗುರುಗಳು.

ಮರುದಿನ ಶಾಲೆಯಲ್ಲಿ ಮಕ್ಕಳು ಪದ್ಯದ ಅರ್ಥ ಕೇಳಿದಾಗ ಮಹಾಂತಯ್ಯ ಕೈಕಟ್ಟಿ ಕುಳಿತು, "ನೀವೇ ಹೇಳಿ" ಎಂದ.