ನೀರು ಹೊತ್ತ ಸಂಕವ್ವ, ನೀರು ಕುಡಿದ ಬಲವಂತರಾಯ

ಬಿಳಿಗಲ್ಲು ಅಂತ ಒಂದು ಸೀಮೆ. ಅಲ್ಲೊಬ್ಬ ರಾಜ. ರಾಜನಿಗೊಬ್ಬಳು ರಾಣಿ, ರಾಣಿಗೊಬ್ಬ ತಮ್ಮ. ತಮ್ಮನ ಹೆಸರು ಬಲವಂತರಾಯ. ಅವನಿಗೆ ಮಾಡೋಕೆ ಕೆಲಸವಿಲ್ಲ, ಉಣ್ಣೋಕೆ ಹೊತ್ತುಗೊತ್ತಿಲ್ಲ. ಅವನು ನಡೆದು ಬಂದರೆ ಹೊಟ್ಟೆ ಮೊದಲು ಬಾಗಿಲು ದಾಟುತ್ತಿತ್ತು, ಆಮೇಲೆ ಅವನು.

ಆ ಸೀಮೆಯಲ್ಲಿ ವರ್ಷಕ್ಕೊಮ್ಮೆ, ಬಿಸಿಲು ಬೆನ್ನು ಸುಡುವ ಕಾಲದಲ್ಲಿ, ಒಂದು ಓಟ ನಡೆಯುತ್ತಿತ್ತು. ಕೋಟೆ ಬಾಗಿಲಿಂದ ಗಡಿಕಲ್ಲಿನ ತನಕ. ಬೆಳಿಗ್ಗೆ ಹೊರಟವರು ಮುಟ್ಟುವಾಗ ನೆತ್ತಿ ಮೇಲೆ ಸೂರ್ಯ. ದಾರಿಯಲ್ಲಿ ಹನಿ ನೀರಿಲ್ಲ. ಓಡುವವರು ಒಂದೊಂದು ಸೋರೆಬುರುಡೆ ನೀರು ಸೊಂಟಕ್ಕೆ ಕಟ್ಟಿಕೊಂಡು ಓಡಬೇಕು. ಬೇಕಾದರೆ ಕುಡಿಯಬಹುದು, ಆದರೆ ಉಳಿಸಿದ ನೀರನ್ನು ಗಡಿಕಲ್ಲಿನ ತಲೆ ಮೇಲೆ ಎರೆಯಬೇಕು. ಯಾವ ಓಟಗಾರನ ನೀರಿಗೆ ಕಲ್ಲು ಮೊದಲು ನೆನೆಯುತ್ತೋ ಅವನು ಗೆದ್ದ. ಗೆದ್ದವನು ಕೇಳಿದ್ದನ್ನು ರಾಜ ಕೊಡಬೇಕು. ಓಟಗಾರರಲ್ಲದೆ ಬೇರೆ ಯಾರೂ ಅವತ್ತು ಆ ದಾರಿಗೆ ಕಾಲಿಡುವ ಹಾಗಿಲ್ಲ.

ಬಲವಂತರಾಯನಿಗೆ ಒಂದು ಆಸೆ ಹುಟ್ಟಿತು. ಕುಂಬಾರಕೇರಿಯಲ್ಲಿ ಒಂದು ಸಿಹಿನೀರ ಬಾವಿ. ಊರಲ್ಲಿ ಉಳಿದ ಬಾವಿಗಳೆಲ್ಲ ಸವಳು. ಈ ಬಾವಿಯನ್ನು ಗೆದ್ದು, ಸುತ್ತ ಗೋಡೆ ಕಟ್ಟಿ, ಒಳಗೆ ಕಾಲು ಇಳಿಬಿಟ್ಟು ಕೂರಬೇಕು ಅಂತ ಅವನ ಆಸೆ. ಓಟಕ್ಕೆ ತಯಾರಿ ಶುರುವಾಯಿತು. ನೀರು ಹೊರೋಕೆ ಅದೇ ಕೇರಿಯ ಸಂಕವ್ವನನ್ನು ಹಿಡಿದು ತಂದ.

ಸಂಕವ್ವ ಗಟ್ಟಿ ಹೆಂಗಸು. ಬುರುಡೆಗೆ ಕಂಠಮಟ್ಟ ನೀರು ತುಂಬಿ, ಅದರ ಬಾಯಿಗೆ ಬೇವಿನ ಸೊಪ್ಪು ತುರುಕಿ, ತನ್ನ ನಡುಬೆನ್ನಿಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು. ಓಡಿದರೂ ಅಲ್ಲಾಡದು, ತುಳುಕದು.

"ಧಣಿ, ಬಾವಿ ನೀವು ತಗೊಂಡರೆ ನಮ್ಮ ಕೇರಿ ಜನ ಏನು ಕುಡೀಬೇಕು?" ಅಂತ ಕೇಳಿದಳು.

"ಸವಳು ನೀರು ಕುಡೀರಿ. ಸಾರಿಗೆ ಉಪ್ಪು ಉಳಿಯುತ್ತೆ," ಅಂದ ಬಲವಂತರಾಯ.

ಸಂಕವ್ವನ ಮನೆಯಲ್ಲಿ ಎರಡು ಕೂಸು. ಸವಳು ನೀರು ಕುಡಿದರೆ ವಾಂತಿ. ಅವಳು ಬುರುಡೆಯ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದಳು.

ಮೊದಲನೇ ದಿನ ಬಲವಂತರಾಯ ಹುಣಸೆಮರದ ತನಕ ಓಡಿದ, ಹಿಂದೆ ಬುರುಡೆ ಹೊತ್ತ ಸಂಕವ್ವ. "ಲೇ ಸಂಕಿ, ನೀರು." ಅರ್ಧ ಕುಡಿದ, ಅರ್ಧ ಕಾಲಿಗೆ ಸುರಿದುಕೊಂಡ. "ಖಾಲಿಯಾಯ್ತು. ಓಡಿಹೋಗಿ ತಾ." ಅವನು ನೆರಳಲ್ಲಿ ಕೂತ. ಸಂಕವ್ವ ಬಾವಿಗೆ ಓಡಿದಳು, ತುಂಬಿಸಿಕೊಂಡು ಮತ್ತೆ ಓಡಿ ಬಂದಳು.

ಎರಡನೇ ದಿನ ಗಾಣದ ಮನೆ ತನಕ. ಅರ್ಧ ಕುಡಿದ, ಅರ್ಧ ಸುರಿದುಕೊಂಡ. "ಓಡಿಹೋಗಿ ತಾ." ಸಂಕವ್ವ ಓಡಿದಳು, ಬಂದಳು.

ಮೂರನೇ ದಿನ ಗುಡ್ಡದ ಬುಡದ ತನಕ. ಅಲ್ಲೂ ಅದೇ ಕಥೆ. ವಾಪಸು ಬರುವಾಗ ಅವನು ಮೆತ್ತೆ ಹಾಸಿದ ಗಾಡಿಯಲ್ಲಿ, ಸಂಕವ್ವ ಗಾಡಿ ಹಿಂದೆ.

ಸಂಜೆಗೆ ಅವನ ಮೀನಖಂಡಕ್ಕೆ ಎಣ್ಣೆ ತಿಕ್ಕುವ ಉಸ್ತಾದ ಹೇಳುತ್ತಿದ್ದ, "ಏನು ಕಾಲು ರಾಯರೇ, ಜಿಂಕೆ ನೋಡಿದರೆ ನಾಚಿಕೊಳ್ಳಬೇಕು." ಉಸ್ತಾದನಿಗೆ ದಿನಕ್ಕೊಂದು ಗಿಂಡಿ ತುಪ್ಪ ಸಿಗುತ್ತಿತ್ತು. ತುಪ್ಪ ನಿಲ್ಲುವ ತನಕ ಜಿಂಕೆ ನಾಚುತ್ತಲೇ ಇತ್ತು.

ಹೀಗೆ ಬೇಸಿಗೆ ಬಲಿಯಿತು. ಬಲವಂತರಾಯನ ಎದುರು ಓಡೋಕೆ ಬಂದವರು ಇಬ್ಬರೇ. ಆ ಇಬ್ಬರಿಗೂ ಓಟಕ್ಕೆ ಮುಂಚೆಯೇ, ಅರಮನೆ ಆಳುಗಳು ಮನೆಗೆ ಬಂದುಹೋದ ಮೇಲೆ, ಕಾಲು ಉಳುಕಿತು. ಇನ್ನು ಉಳಿದ ಓಟಗಾರ ಒಬ್ಬನೇ. ಒಬ್ಬನೇ ಓಡಿದರೆ ಸೋಲೋದು ಹೇಗೆ?

ಆದರೂ ಅವನಿಗೆ ಚಿಂತೆ. "ಸಂಕಿ, ಬುರುಡೆ ಭಾರ ಕಣೇ. ನನಗೆ ಹೊತ್ತು ಅಭ್ಯಾಸವಿಲ್ಲ."

"ನಾನು ಹೊರ್ತೀನಿ ಧಣಿ. ಆದರೆ ಓಟಗಾರಳಲ್ಲ ಅಂತ ನನ್ನನ್ನು ದಾರಿಗೆ ಬಿಡಲ್ಲ," ಅಂದಳು ಸಂಕವ್ವ. ಬುರುಡೆಗೆ ಸೊಪ್ಪು ತುರುಕುತ್ತಾ ಸೇರಿಸಿದಳು, "ಭಾವನವರಿಗೆ ನೀವು ಒಂದು ಮಾತು ಹೇಳಿದರೆ ಆಗದ್ದು ಏನಿದೆ?"

ಬಲವಂತರಾಯ ರಾಜನ ಹತ್ತಿರ ಹೋದ. "ಭಾವ, ನೀರು ಹೊರುವವಳೂ ಓಟಗಾರಳೇ ಅಂತ ಡಂಗುರ ಹೊಡೆಸು."

"ಅದು ಹೇಗಾಗುತ್ತೋ? ಹಿಂದಿಂದ ಬಂದ ಪದ್ಧತಿ," ಅಂದ ರಾಜ. ಪರದೆ ಹಿಂದೆ ರಾಣಿ ಕೆಮ್ಮಿದಳು. ರಾಜನಿಗೆ ಪದ್ಧತಿ ಮರೆತುಹೋಯಿತು. ಸಂಜೆಗೇ ಬೀದಿಬೀದಿಯಲ್ಲಿ ಡಂಗುರ ಬಿತ್ತು: ನೀರು ಹೊರುವ ಸಂಕವ್ವನೂ ಓಟಗಾರಳೇ, ಕೇಳಿರಪ್ಪೋ ಕೇಳಿ.

ಓಟದ ದಿನ ಸಂಕವ್ವ ಎರಡು ಬುರುಡೆ ಕಟ್ಟಿಕೊಂಡಳು. ರಾಜ ಕುದುರೆಯೇರಿ ಗಡಿಕಲ್ಲಿನ ಹತ್ತಿರ ಹೋಗಿ ಕೂತ. ಕೋಟೆ ಬಾಗಿಲಲ್ಲಿ ಕಹಳೆ ಊದಿದರು.

ಹುಣಸೆಮರ ಬಂತು. "ಸಂಕಿ, ನೀರು." ಮೊದಲನೇ ಬುರುಡೆ ಕೊಟ್ಟಳು. ಅರ್ಧ ಇಳಿಯಿತು.

ಗಾಣದ ಮನೆ ಬಂತು. "ಸಂಕಿ, ನೀರು." ಉಳಿದರ್ಧವೂ ಇಳಿಯಿತು. ಈಗ ಅವನ ಹೊಟ್ಟೆಯೇ ತುಳುಕುವ ಕೊಡ. ಹೆಜ್ಜೆಗೊಂದು ಸಲ ಗುಳುಕ್, ಗುಳುಕ್.

ಗುಡ್ಡದ ಬುಡ ಬಂತು. ಅವನು ಓಡಿದ್ದು ಅಲ್ಲಿಗೇ ಮುಗಿಯಿತು. ಅದರಾಚೆ ಅವನ ಕಾಲು ಯಾವತ್ತೂ ಹೋಗಿರಲಿಲ್ಲ. ಬಂಡೆಯ ನೆರಳಲ್ಲಿ ದೊಪ್ಪನೆ ಕೂತ. "ಸಂಕಿ, ಆ ಇನ್ನೊಂದು ಬುರುಡೆ ಕೊಡೇ."

"ಇದು ನನ್ನದು ಧಣಿ. ಓಟಗಾರರ ಬುರುಡೆ ಅವರವರದು."

"ನಿನ್ನದಾ? ನೀನು ಯಾವ ಸೀಮೆ ಓಟಗಾರಳೇ?"

"ಡಂಗುರ ಹೊಡೆಸಿದ್ದು ನೀವೇ ಅಲ್ವಾ?"

ಬಲವಂತರಾಯನ ಬಾಯಿ ತೆರೆದದ್ದು ಹಾಗೇ ಇತ್ತು. ಸಂಕವ್ವ ಆ ಬಾಯಿಗೆ ಒಂದು ಗುಟುಕು ನೀರು ಬಿಟ್ಟಳು. ಬಾಯಾರಿದವನನ್ನು ಹಾಗೇ ಬಿಟ್ಟು ಹೋಗುವವಳಲ್ಲ ಅವಳು. ಬೇವಿನ ಸೊಪ್ಪು ಮತ್ತೆ ತುರುಕಿ, ಸೆರಗು ಬಿಗಿದು, ಗುಡ್ಡ ಹತ್ತಿದಳು. ಅವನು ಎದ್ದ, ಬಿದ್ದ, "ನಿಲ್ಲೇ" ಅಂದ. ಬೇಸಿಗೆಯೆಲ್ಲ "ಓಡು, ಓಡು" ಅಂದವನು ಅವನೇ. ಓಡಿ ಓಡಿ ಕಲಿತ ಕಾಲಿಗೆ ನಿಲ್ಲೋದು ಹೇಗೆ ಗೊತ್ತಾಗಬೇಕು?

ಗಡಿಕಲ್ಲಿನ ತಲೆ ಮೇಲೆ ನೀರು ಬಿತ್ತು. ಕಲ್ಲು ನೆನೆದು ಕಪ್ಪಾಯಿತು.

ರಾಜ ಅವಳನ್ನು ನೋಡಿದ, ಅವಳ ಹಿಂದಿನ ಖಾಲಿ ದಾರಿ ನೋಡಿದ. ಮೀಸೆಯಡಿ ನಗು ಬಂತು. ರಾಣಿ ಕೆಮ್ಮಿದರೂ ಕೇಳದಷ್ಟು ದೂರದಲ್ಲಿದ್ದ ಅವನು. "ಏನು ಬೇಕು ಕೇಳಮ್ಮ," ಅಂದ.

"ಕುಂಬಾರಕೇರಿ ಬಾವಿಗೆ ಯಾರಾದರೂ ಬರಲಿ ಮಹಾರಾಜರೇ. ಆದರೆ ಮೈಯಲ್ಲಿ ಕಸುವಿರೋರು ತಮ್ಮ ಕೊಡ ತಾವೇ ಹೊರಬೇಕು. ಅರಮನೆಯವರಾದರೂ ಅಷ್ಟೇ."

"ಹಾಗೇ ಆಗಲಿ," ಅಂದ ರಾಜ.

ಬಲವಂತರಾಯನನ್ನು ಗಾಡಿಯಲ್ಲಿ ಹೇರಿ ತಂದರು. ಅವನಿಗೆ ಸವಳು ನೀರು ಇಳಿಯಲಿಲ್ಲ. ಹೆಗಲ ಮೇಲೆ ಕೊಡ ಇಟ್ಟುಕೊಂಡು ಕುಂಬಾರಕೇರಿಗೆ ಬರತೊಡಗಿದ. ಕೊಡವನ್ನು ಅರ್ಧ ತುಂಬಿಸಿದರೆ ತುಳುಕಿ ಪಂಚೆ ಒದ್ದೆ, ಪೂರ್ತಿ ತುಂಬಿಸಿದರೆ ಹೆಗಲು ನೋವು. ಸಂಕವ್ವ ಒಂದು ದಿನ ಅವನ ಕೈಗೆ ಬೇವಿನ ಸೊಪ್ಪು ಕೊಟ್ಟಳು. "ಬಾಯಿಗೆ ಇಟ್ಟುಕೊಳ್ಳಿ ಧಣಿ. ಕೊಡದ ಬಾಯಿಗೆ," ಅಂದಳು. ಉಸ್ತಾದ ತುಪ್ಪ ನಿಂತ ದಿನವೇ ಬೇರೆ ಜಿಂಕೆ ಹುಡುಕಿಕೊಂಡು ಹೋಗಿದ್ದ.

ಇದರ ನೀತಿ ಏನಂದರೆ, ನಿಮ್ಮ ಭಾರವನ್ನು ಇನ್ನೊಬ್ಬರ ಬೆನ್ನಿಗೆ ಕಟ್ಟಿ ಅಭ್ಯಾಸ ಮಾಡಿದರೆ, ಬಲಿಯೋದು ಅವರ ಕಾಲು, ನಿಮ್ಮದಲ್ಲ.

ಕಥೆ ಆಯಿತು. ಬಾಯಾರಿದ್ದರೆ ಎದ್ದು ಹೋಗಿ ನೀರು ಕುಡಿಯಿರಿ. ಪಕ್ಕದಲ್ಲಿ ಕೂತವರನ್ನು ಕಳಿಸಬೇಡಿ.